ನಾಲ್ಕು ಬೆರಳು ನೀರು

ನಮ್ಮೂರಿನ ಅಂಚೆ ಕಚೇರಿಯನ್ನು ಇದುವರೆಗೆ ಮೂರು ಸಲ ಗುಡ್ಡದ ಮೇಲಕ್ಕೆ ಸಾಗಿಸಿದ್ದಾರೆ. ಮೊದಲು ಅದು ಬಂದರಿನ ಪಕ್ಕದಲ್ಲೇ ಇತ್ತಂತೆ. ಕಾಗದಕ್ಕೆ ಕಾಯುವವರೆಲ್ಲ ಅದರ ಜಗಲಿಯಲ್ಲಿ ಕೂತು ಕೂತು, ಸಮುದ್ರ ಮೆಟ್ಟಿಲು ಹತ್ತಿ ಠಸ್ಸೆ ಒತ್ತುವ ಮೇಜಿನ ಕಾಲು ಮುಟ್ಟಿತು. ಎರಡನೇ ಜಾಗದಲ್ಲೂ ಅದೇ ಕತೆ. ಈಗ ಅದು ಗುಡ್ಡದ ನೆತ್ತಿಯಲ್ಲಿದೆ, ಕಾಗದ ಬರೆಯುವವರೂ ಕಡಿಮೆಯಾಗಿದ್ದಾರೆ, ಹಾಗಾಗಿ ಸದ್ಯಕ್ಕೆ ಚಿಂತೆಯಿಲ್ಲ. ಹೆರಿಗೆ ಆಸ್ಪತ್ರೆಯನ್ನು ಮಾತ್ರ ನಮ್ಮ ಹಿರಿಯರು ಬುದ್ಧಿ ಉಪಯೋಗಿಸಿ ಮೊದಲೇ ಮೇಲೆ ಕಟ್ಟಿದ್ದರು. ಪರೀಕ್ಷೆಯ ಫಲಿತಾಂಶದ ವಾರ ತಾಯಂದಿರು ಶಾಲೆಯ ಕಾಂಪೌಂಡಿನ ಬಳಿ ನಿಲ್ಲಬಾರದು ಎಂದು ಹೆಡ್‌ಮಾಷ್ಟ್ರು ಬೋರ್ಡು ಹಾಕುತ್ತಾರೆ. ಯಾರು ಕೇಳುತ್ತಾರೆ? ಆ ವಾರ ಆಟದ ಮೈದಾನದಲ್ಲಿ ಏಡಿಗಳು ಓಡಾಡುತ್ತವೆ.

ಕಾಯುವವರು ಎಲ್ಲಿರುತ್ತಾರೋ ಅಲ್ಲಿ ನಮ್ಮ ಸಮುದ್ರ ಒಂದಿಷ್ಟು ಮೇಲೆ ನಿಲ್ಲುತ್ತದೆ. ಎಷ್ಟು ಮೇಲೆ ಎಂದು ಅಳೆಯುವುದು ನನ್ನ ಕೆಲಸ. ಹೆಸರು ವಾರಿಜ. ಬಂದರಿನ ಅಳತೆ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಆಯಿತು. ಒಂದೇ ಕುರ್ಚಿ, ಒಂದೇ ಮೇಜು, ಆ ಕುರ್ಚಿಯಲ್ಲಿ ನಾನೊಬ್ಬಳೇ. ನಾನು ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಉಳಿದಿಲ್ಲ.

ಸಮುದ್ರವನ್ನು ಅಳೆಯುವುದೆಂದರೆ ಒಂದು ಕೋಲು ನೆಟ್ಟು ಓದಿದರೆ ಮುಗಿಯಿತು ಎಂದು ಜನ ತಿಳಿದಿದ್ದಾರೆ. ಹಾಗಿದ್ದಿದ್ದರೆ ನನ್ನ ಕೂದಲು ಇಷ್ಟು ಬೇಗ ಬೆಳ್ಳಗಾಗುತ್ತಿರಲಿಲ್ಲ. ಅಲೆ ಬಂದರೆ ನೀರು ಏರುತ್ತದೆ, ಹೋದರೆ ಇಳಿಯುತ್ತದೆ. ಅದಕ್ಕೆ ದೋಣಿ ಕಟ್ಟುವ ಧಕ್ಕೆಯ ತುದಿಯಲ್ಲಿ ಒಂದು ಕಾಂಕ್ರೀಟಿನ ಬಾವಿ ಉಂಟು. ಅದರ ಅಡಿಯಲ್ಲಿ ಒಂದು ಸಣ್ಣ ತೂತು ಮಾತ್ರ. ಅಲೆಯ ಗಲಾಟೆ ಒಳಗೆ ಬರುವುದಿಲ್ಲ, ನೀರು ಮಾತ್ರ ನಿಧಾನವಾಗಿ ಬರುತ್ತದೆ. ಅದರ ಮೇಲೆ ತೇಲುವ ಡಬ್ಬಿ, ಡಬ್ಬಿಗೆ ತಂತಿ, ತಂತಿಗೆ ಪೆನ್ನು, ಪೆನ್ನಿನ ಎದುರು ಗಡಿಯಾರದ ಲೆಕ್ಕದಲ್ಲಿ ಸುತ್ತುವ ಕಾಗದ. ಆ ಕಾಗದದ ಗೆರೆಯೇ ಊರಿನ ಸಮ, ಅಂದರೆ ಕಾಯುವವರಿಲ್ಲದ ಕಡೆಯ ನೀರಿನ ಮಟ್ಟ. ಇನ್ನು ಕಾಯುವವರಿದ್ದಾರೆ ಎಂಬ ಮನೆಗಳ ಮೆಟ್ಟಿಲಿನ ಪಕ್ಕ ಕಪ್ಪು ಬಿಳಿ ಪಟ್ಟೆಯ ಕೋಲುಗಳಿವೆ. ಬೆಳಿಗ್ಗೆ ಧಕ್ಕೆಯಿಂದ ಹೊರಟು ಅವುಗಳನ್ನು ಒಂದೊಂದಾಗಿ ಓದಿಕೊಂಡು, ಗಂಟೆ ಬರೆದುಕೊಂಡು, ಆಮೇಲೆ ಬಾವಿಯ ಕಾಗದದ ಜೊತೆ ಹೋಲಿಸುತ್ತೇನೆ. ಚಂದ್ರನ ಪಾಲು ಕಳೆಯಬೇಕು. ಗಾಳಿ ನೀರನ್ನು ದಡಕ್ಕೆ ಒತ್ತಿದ್ದರೆ ಅದನ್ನು ಕಳೆಯಬೇಕು. ಗಾಳಿಯ ಒತ್ತಡ ಹೆಚ್ಚಿ ಆಕಾಶ ಭಾರವಾಗಿದ್ದ ದಿನ ನೀರು ತಗ್ಗುತ್ತದೆ, ಅದನ್ನು ಕೂಡಿಸಬೇಕು. ಎಲ್ಲಕ್ಕಿಂತ ಮೊದಲು, ಸಮುದ್ರ ಏರಿತೋ ಅಥವಾ ಕೋಲು ನೆಟ್ಟ ನೆಲವೇ ಇಳಿಯಿತೋ ಎಂದು ನೋಡಬೇಕು. ಅದಕ್ಕೆಂದು ದೀಪಸ್ತಂಭದ ಹಿಂದಿನ ಬಂಡೆಯಲ್ಲಿ ಒಂದು ಹಿತ್ತಾಳೆಯ ಮೊಳೆ ಹೊಡೆದಿದ್ದಾರೆ. ಊರು ಅಲ್ಲಾಡಿದರೂ ಆ ಮೊಳೆ ಅಲ್ಲಾಡುವುದಿಲ್ಲ. ನಾನೂ ಹಾಗೆಯೇ ಎಂದು ನನ್ನ ಬೆನ್ನ ಹಿಂದೆ ಹೇಳುತ್ತಾರಂತೆ. ಹೇಳಲಿ.

ಇಪ್ಪತ್ತೇಳು ವರ್ಷದಲ್ಲಿ ಆ ಓದುವ ಕೆಲಸವನ್ನು ನಾನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ನನ್ನ ಹೆಮ್ಮೆ ಎಂದರೆ ಅದೇ. ಈ ಕತೆಯಲ್ಲಿ ತಪ್ಪಾದದ್ದೂ ಅದೇ.

ನನ್ನ ತಮ್ಮ ದಾಮು ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ, ಗಾಳಿಯಿಲ್ಲದ ದಿನ, ಹಾಕಿ ಬಂದ ಬಲೆ ತರುತ್ತೇನೆ ಎಂದು ಹೋದವನು ಬರಲಿಲ್ಲ. ದೋಣಿಯೂ ಬರಲಿಲ್ಲ. ನನಗೆ ಹನ್ನೆರಡು ವರ್ಷವಾಗಿದ್ದಾಗ ಹುಟ್ಟಿದವನು ಅವನು; ಅಮ್ಮ ಹಾಸಿಗೆ ಹಿಡಿದಿದ್ದರಿಂದ ಅವನು ಬೆಳೆದದ್ದು ನನ್ನ ಸೊಂಟದ ಮೇಲೆ. ಮದುವೆಯಾದ ಮೇಲೆ ನೀರಿನ ಅಂಚಿನಲ್ಲೇ ಮನೆ ಕಟ್ಟಿಕೊಂಡ. ಹೋಗುವಾಗ ನೀಲಿ ಪಟ್ಟಿಯ ರಬ್ಬರ್ ಚಪ್ಪಲಿಯನ್ನು ಮೇಲಿನ ಮೆಟ್ಟಿಲಲ್ಲಿ ಬಿಟ್ಟು ಹೋಗಿದ್ದ. ಅದು ಅಲ್ಲೇ ಉಳಿಯಿತು. ಆ ಮನೆಯಲ್ಲಿ ಅವನ ಹೆಂಡತಿ ಪ್ರಮೀಳ ಒಬ್ಬಳೇ ಇದ್ದಳು. ಆ ವಾರವೇ ನಾನು ಅಲ್ಲಿ ಒಂದು ಕೋಲು ನೆಟ್ಟೆ.

ಅಂದಿನಿಂದ ನನ್ನ ಸುತ್ತಿನಲ್ಲಿ ಕೊನೆಯ ಮನೆ ಅದಾಯಿತು. ಆರೂವರೆ ಕಳೆದು ಹತ್ತು ನಿಮಿಷಕ್ಕೆ ಮುಟ್ಟುತ್ತಿದ್ದೆ. ಕೋಲು ಓದುತ್ತಿದ್ದೆ. ಚಪ್ಪಲಿಗೆ ಹಿಡಿದ ಉಪ್ಪನ್ನು ಒಂದು ಚೊಂಬು ನೀರಿನಲ್ಲಿ ತೊಳೆದು, ಎರಡನ್ನೂ ಜೋಡಿಸಿ ಇಡುತ್ತಿದ್ದೆ. ಅಷ್ಟರಲ್ಲಿ ಪ್ರಮೀಳ ಕಾಫಿ ತರುತ್ತಿದ್ದಳು. ಇಬ್ಬರೂ ಮೆಟ್ಟಿಲಲ್ಲಿ ಕೂತು ಅರ್ಧ ಗಂಟೆ ಊರಿನ ಸುದ್ದಿ ಮಾತಾಡುತ್ತಿದ್ದೆವು. ಅವಳ ಕಾಫಿಗೆ ಬೆಲ್ಲ ಜಾಸ್ತಿ. ಒಂಬತ್ತು ವರ್ಷದಿಂದ ಹೇಳುತ್ತಿದ್ದೇನೆ, ಒಂಬತ್ತು ವರ್ಷದಿಂದ ಹಾಗೆಯೇ ಮಾಡುತ್ತಾಳೆ.

ನಾಲ್ಕು ವರ್ಷದ ಹಿಂದೆ ಅವಳಿಗೆ ಐಸ್ ಪ್ಲಾಂಟಿನ ಮೆಕ್ಯಾನಿಕ್ ಸಂಜೀವನ ಮೇಲೆ ಮನಸ್ಸಾಯಿತು. ಅವನ ಕೈ ಯಾವಾಗಲೂ ತಣ್ಣಗೆ, ಮಾತು ಕಡಿಮೆ. ಭಾನುವಾರ ಸಂಜೆ ಗೋಣಿಯಲ್ಲಿ ಮರದ ಪುಡಿ ಸುತ್ತಿದ ಐಸು ಹಿಡಿದುಕೊಂಡು ಬರುತ್ತಿದ್ದ, ಅವಳು ಶರಬತ್ತು ಮಾಡುತ್ತಿದ್ದಳು, ಕುಡಿದು ಹೋಗುತ್ತಿದ್ದ. ಅವನು ಮೊದಲು ಕೇಳಿದ್ದು ನನ್ನನ್ನು. ಕಚೇರಿಯ ಬಾಗಿಲಲ್ಲಿ ನಿಂತು, ಟೊಪ್ಪಿಯನ್ನು ಹಿಂಡಿ ಹಿಂಡಿ, ಅಕ್ಕನ ಒಪ್ಪಿಗೆ ಉಂಟಾ ಎಂದ. ಟೊಪ್ಪಿ ಹರಿಯುವುದಕ್ಕೆ ಮೊದಲು ಹೂಂ ಎಂದೆ. ಸುಳ್ಳು ಹೂಂ ಅಲ್ಲ. ಪ್ರಮೀಳ ಒಬ್ಬಳೇ ಅಕ್ಕಿ ಅಳೆಯುವುದನ್ನು ನೋಡಿ ನೋಡಿ ನನಗೇ ಬೇಸರವಾಗಿತ್ತು.

ಆದರೆ ನಮ್ಮೂರಿನಲ್ಲಿ ಎರಡನೇ ಮದುವೆಗೆ ನೀರಿನ ಚೀಟಿ ಬೇಕು. ಕಾಯುವವರಿರುವ ಮನೆಯಲ್ಲಿ ಹೊಸ ಚಪ್ಪರ ಹಾಕುವ ಹಾಗಿಲ್ಲ. ನಲವತ್ತು ದಿನ ಮನೆಯ ಮೆಟ್ಟಿಲಿನ ನೀರನ್ನು ಓದಿ, ನಲವತ್ತನೆಯ ದಿನ ಬಂದರು ಕಮಿಟಿಯ ಎದುರು ಕೊನೆಯ ಸಲ ಓದಿ, ಊರಿನ ಸಮಕ್ಕೆ ಸರಿ ಬಂದರೆ ‘ನೀರು ಸಮ’ ಎಂದು ಬರೆದು ಕೊಡಬೇಕು. ಬರೆದು ಕೊಡುವವಳು ನಾನೇ. ಮೊದಲ ವರ್ಷ ನಾಲ್ಕು ಬೆರಳು ಹೆಚ್ಚು ಬಂತು. ಎರಡನೇ ವರ್ಷ ನಾಲ್ಕು. ಮೂರನೇ ವರ್ಷವೂ ನಾಲ್ಕು. ಪ್ರಮೀಳ ಬಾಯಲ್ಲಿ ಏನೇ ಹೇಳಲಿ, ಮನಸ್ಸು ಇನ್ನೂ ದಾಮುವಿನ ಹತ್ತಿರವೇ ಉಂಟು ಎಂದು ಕಮಿಟಿಯವರು ತಲೆ ಅಲ್ಲಾಡಿಸಿ ಎದ್ದು ಹೋದರು. ಅವಳು ಒಂದು ಸಲವೂ ಜಗಳ ಮಾಡಲಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ನಾನೇನು ಸುಮ್ಮನಿರಲಿಲ್ಲ. ಅವಳಿಗೆ ಚೀಟಿ ಸಿಗಲೆಂದು ಮಾಡಬಹುದಾದ್ದನ್ನೆಲ್ಲ ಮಾಡಿದೆ. ಮೆಟ್ಟಿಲು ಕುಸಿದಿರಬಹುದೆಂದು ಹಿತ್ತಾಳೆಯ ಮೊಳೆಯಿಂದ ಅಲ್ಲಿಯವರೆಗೆ ಎತ್ತರ ಹಿಡಿದು ಬಂದೆ. ಮೆಟ್ಟಿಲು ಕೂದಲಿನಷ್ಟೂ ಇಳಿದಿರಲಿಲ್ಲ. ಚಂದ್ರ, ಗಾಳಿ, ಆಕಾಶದ ಭಾರ, ಬಿಸಿಲಿಗೆ ಹಿಗ್ಗಿದ ನೀರು, ಕಳೆಯಬಹುದಾದ್ದನ್ನೆಲ್ಲ ಕಳೆದೆ. ನಾಲ್ಕು ಬೆರಳು ಹೋಗಲಿಲ್ಲ. ಆದರೆ ಒಂದು ಮಾತು ಮುಚ್ಚಿಡಬಾರದು. ಪ್ರತಿ ಸಲ ಆ ನಾಲ್ಕು ಬೆರಳನ್ನು ಪುಸ್ತಕದಲ್ಲಿ ಬರೆಯುವಾಗ ನನ್ನ ಎದೆಯಲ್ಲಿ ಎಲ್ಲೋ ಒಂದು ತಂಪು ಆಗುತ್ತಿತ್ತು. ಇವಳಾದರೂ ಇನ್ನೂ ಅವನನ್ನು ಕಾಯುತ್ತಿದ್ದಾಳಲ್ಲ ಎಂದು. ನಾನು ಕಾಯುತ್ತಿರಲಿಲ್ಲವಲ್ಲ. ವರ್ಷ ತುಂಬಿದಾಗ ಅವನ ಉತ್ತರಕ್ರಿಯೆ ಮಾಡಿಸಿದವಳೇ ನಾನು. ಅಳುವುದೆಲ್ಲ ಮುಗಿದಿತ್ತು. ನಾನು ಅಳತೆಯವಳು, ನನಗೆ ಅಂಥದ್ದೆಲ್ಲ ಇಲ್ಲ ಎಂದು ನಂಬಿದ್ದೆ.

ಈ ವರ್ಷ ಐಸ್ ಪ್ಲಾಂಟನ್ನು ಬಿಚ್ಚಿ ದಕ್ಷಿಣದ ದೊಡ್ಡ ಬಂದರಿಗೆ ಒಯ್ಯುತ್ತಾರೆ ಎಂದು ಆಯಿತು. ಸಂಜೀವ ಮತ್ತೆ ಕಚೇರಿಯ ಬಾಗಿಲಿಗೆ ಬಂದ. ಚೀಟಿ ಸಿಕ್ಕರೆ ಇಲ್ಲೇ ದೋಣಿಯ ಎಂಜಿನ್ ರಿಪೇರಿ ಮಾಡಿಕೊಂಡಿರುತ್ತೇನೆ, ಸಿಗದಿದ್ದರೆ ಪ್ಲಾಂಟಿನ ಹಿಂದೆ ಹೋಗುತ್ತೇನೆ, ಪ್ರತಿ ಭಾನುವಾರ ಹೀಗೆ ಬಂದು ಹೋಗುವುದು ಅವಳಿಗೂ ಕಷ್ಟ, ತನಗೂ ಕಷ್ಟ ಎಂದ. ಅದು ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತು.

ನಲವತ್ತು ದಿನ ಶುರುವಾಗುವ ಹೊತ್ತಿಗೆ ಸರಿಯಾಗಿ ಮೇಲಿನ ಇಲಾಖೆಯಿಂದ ನಫೀಸಾ ಎಂಬ ಹುಡುಗಿ ಬಂದಳು. ಸಮುದ್ರದ ಅಳತೆಯಲ್ಲಿ ದೊಡ್ಡ ಓದು ಓದಿದವಳು. ಈಗ ಆಕಾಶದಿಂದ ಉಪಗ್ರಹ ಸಮುದ್ರದ ಮಟ್ಟ ನೋಡುತ್ತದೆ, ಆದರೆ ದಡದ ಹತ್ತಿರ ಬಂದರೆ ಅದಕ್ಕೆ ಕಣ್ಣು ಮಂಜಾಗುತ್ತದೆ, ಅದಕ್ಕೇ ನೀರಿನೊಳಗೆ ಇಡುವ ಯಂತ್ರ ತಂದಿದ್ದೇನೆ ಎಂದಳು. ಒಂದು ಕೊಳವೆ, ಒಳಗೆ ಬೆರಳುದ್ದದ ಯಂತ್ರ. ತನ್ನ ಮೇಲೆ ಎಷ್ಟು ನೀರು ನಿಂತಿದೆ ಎಂದು ಆರು ನಿಮಿಷಕ್ಕೊಂದು ಸಲ ತಾನೇ ಬರೆದುಕೊಳ್ಳುತ್ತದೆ. ಹಗಲೂ ಇಲ್ಲ, ರಾತ್ರಿಯೂ ಇಲ್ಲ, ಅದಕ್ಕೆ ಕಾಫಿಯೂ ಬೇಡ. ನನ್ನ ಕಣ್ಣಿಗೆ ಏನಾಗಿದೆ ಎಂದು ನಾನು ಕೇಳಿದೆ. ಏನೂ ಆಗಿಲ್ಲ ವಾರಿಜಕ್ಕ, ನಿಮ್ಮ ಕಣ್ಣು ದಿನಕ್ಕೆ ಒಂದೇ ಸಲ ನೋಡುತ್ತದೆ ಅಷ್ಟೇ ಎಂದು ನಕ್ಕಳು. ನನಗೆ ಮೈ ಉರಿಯಿತು. ಒಂದನ್ನು ಧಕ್ಕೆಯ ಬಾವಿಯಲ್ಲಿಟ್ಟಳು, ಇನ್ನೊಂದನ್ನು ಎಲ್ಲಿಡಲಿ ಎಂದಾಗ, ನಾಲ್ಕು ಬೆರಳಿನ ಮನೆಯನ್ನೇ ತೋರಿಸಿದೆ. ಯಂತ್ರವೂ ಅದನ್ನೇ ಹೇಳುತ್ತದೆ, ನೋಡಿಕೊಳ್ಳಲಿ ಎಂದು.

ಮೂವತ್ತೊಂಬತ್ತನೆಯ ದಿನ ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ತೆರೆದು ನನ್ನ ಮೇಜಿನ ಮೇಲಿಟ್ಟಳು. ಧಕ್ಕೆಯ ಗೆರೆಯನ್ನು ಪ್ರಮೀಳನ ಮನೆಯ ಗೆರೆಯಿಂದ ಕಳೆದಿದ್ದಳು. ಉಳಿದದ್ದು ಒಂದು ಸಪಾಟು ಗೆರೆ. ಹಗಲು ಸಮ, ಸಂಜೆ ಸಮ, ರಾತ್ರಿ ಸಮ. ಪ್ರತಿ ಬೆಳಿಗ್ಗೆ ಮಾತ್ರ ಒಂದು ಸಣ್ಣ ಉಬ್ಬು. ಆರು ನಲವತ್ತಕ್ಕೆ ಏರುತ್ತದೆ, ಏಳೂ ಹತ್ತಕ್ಕೆ ಇಳಿಯುತ್ತದೆ. ಎತ್ತರ ನಾಲ್ಕು ಬೆರಳು.

ಯಂತ್ರ ಕೆಟ್ಟಿರಬೇಕು ಎಂದೆ. ಎರಡು ಸಲ ಬದಲಾಯಿಸಿ ನೋಡಿದ್ದೇನೆ ಎಂದಳು. ಮೀನಿನ ದೋಣಿ ಹೋಗುವ ಹೊತ್ತಿರಬಹುದು ಎಂದೆ. ಭಾನುವಾರ ದೋಣಿ ಹೋಗುವುದಿಲ್ಲವಲ್ಲ, ಆಗಲೂ ಉಂಟು ಎಂದಳು. ಆಮೇಲೆ ಎರಡು ದಿನಗಳ ಮೇಲೆ ಬೆರಳಿಟ್ಟು, ಈ ಎರಡು ದಿನ ಮಾತ್ರ ಇಲ್ಲ, ಆಗ ಏನಾಗಿತ್ತು ನಿಮಗೆ ನೆನಪುಂಟಾ ಎಂದು ಕೇಳಿದಳು.

ನೆನಪಿತ್ತು. ಆ ಎರಡು ದಿನ ದವಡೆ ಹಲ್ಲು ಕೀಳಿಸಿಕೊಂಡು ಮುಖ ಊದಿ ನಾನು ಮನೆಯಲ್ಲಿ ಮಲಗಿದ್ದೆ. ಪುಸ್ತಕದಲ್ಲಿ ಆ ಎರಡು ಸಾಲು ಖಾಲಿ ಬಿಟ್ಟಿದ್ದೆ. ನಫೀಸಾ ಜಾಣೆ, ನನ್ನ ಮುಖ ನೋಡಿ ಲ್ಯಾಪ್‌ಟಾಪ್ ಮುಚ್ಚಿದಳು.

ನಾನು ನೇರ ಪ್ರಮೀಳನ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ನನ್ನನ್ನು ನೋಡಿ ಎದ್ದು ನಿಂತಳು. ನಾನು ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡಿದೆ. ಮೇಲಿನಿಂದ ಮೂರನೇ ಮೆಟ್ಟಿಲಿನ ಕಲ್ಲಿಗೆ ಒಂದು ಚಿಪ್ಪು ಅಂಟಿಕೊಂಡಿದೆ, ಹಳೆಯದು, ಬಿಳಿಯದು. ನಾನು ಬಂದು ಕೂತ ಸ್ವಲ್ಪ ಹೊತ್ತಿಗೆ ನೀರು ಮೆಲ್ಲಗೆ ಅದನ್ನು ಮುಚ್ಚಿತು. ಒಂಬತ್ತು ವರ್ಷ ಕೋಲಿನ ಪಟ್ಟೆ ಎಣಿಸಿದವಳಿಗೆ ಪಕ್ಕದ ಚಿಪ್ಪು ಕಂಡಿರಲಿಲ್ಲ.

“ನೀರು ನಿನ್ನದಲ್ಲ, ನನ್ನದು,” ಎಂದೆ.

“ನನಗೆ ಗೊತ್ತುಂಟು ಅಕ್ಕ,” ಎಂದಳು ಪ್ರಮೀಳ.

ಯಾವಾಗಿನಿಂದ ಎಂದು ಕೇಳಿದೆ. ದಾಮು ಹೋದ ಎರಡನೇ ವರ್ಷದಿಂದ ಎಂದಳು. ನೀವು ಬಂದರೆ ಚಿಪ್ಪು ಮುಳುಗುತ್ತದೆ, ನೀವು ಎದ್ದು ಹೋದರೆ ಮೇಲೆ ಬರುತ್ತದೆ, ದಿನವಿಡೀ ಈ ಮೆಟ್ಟಿಲಲ್ಲಿ ಮೀನು ತೊಳೆಯುವವಳಿಗೆ ಅಷ್ಟು ಕಾಣುವುದಿಲ್ಲವೇ ಎಂದಳು. ತಾನು ಕಾಯುವುದು ನಿಂತು ಎಷ್ಟೋ ಕಾಲವಾಯಿತು, ನಿಂತ ದಿನ ಒಬ್ಬಳೇ ಕೂತು ಅತ್ತಿದ್ದೆ ಎಂದೂ ಹೇಳಿದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಗಂಟಲು ದೊಡ್ಡದಾಗುತ್ತದೆ.

“ಮೂರು ಸಲ ಚೀಟಿ ತಪ್ಪಿತಲ್ಲ ಮಾರಾಯ್ತಿ. ಒಂದು ಮಾತು ಹೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು?”

ಅವಳು ಮೀನಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಪಕ್ಕ ಕೂತಳು. “ಹೇಳಿದ್ರೆ ನೀವು ಬರುದು ನಿಲ್ಲಿಸ್ತಿದ್ರಿ. ಮತ್ತೆ ನೀವು ಅವರನ್ನು ಎಲ್ಲಿ ಕಾಯುದು ಅಕ್ಕ?”

ಒಂಬತ್ತು ವರ್ಷದಲ್ಲಿ ಮೊದಲ ಸಲ ನಾನು ಆ ಮೆಟ್ಟಿಲಲ್ಲಿ ಅತ್ತೆ. ಸದ್ದು ಮಾಡಿಯೇ ಅತ್ತೆ. ಅವಳು ನನ್ನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನೀರು ಎರಡನೇ ಮೆಟ್ಟಿಲು ಮುಟ್ಟಿತು.

ಮರುದಿನ ನಲವತ್ತನೆಯ ದಿನ. ಕಮಿಟಿಯ ಐವರು ಬಂದರು, ಅಧ್ಯಕ್ಷ ಐತಪ್ಪಣ್ಣ ಮುಂದೆ. ಸಂಜೀವ ದೂರದಲ್ಲಿ ತೆಂಗಿನ ಮರಕ್ಕೆ ಒರಗಿ ನಿಂತಿದ್ದ. ನಾನು ಪುಸ್ತಕ ತೆರೆಯುವ ಮೊದಲೇ ಹೇಳಿಬಿಟ್ಟೆ: ಈ ಮನೆಯಲ್ಲಿ ಕಾಯುವವಳು ಪ್ರಮೀಳ ಅಲ್ಲ, ಕೋಲು ಓದುವವಳು. ಇಷ್ಟು ವರ್ಷ ನಾನು ಅಳೆದದ್ದು ನನ್ನನ್ನೇ. ಮೂರು ಸಲ ಬರೆದದ್ದು ತಪ್ಪು. ಇಪ್ಪತ್ತೇಳು ವರ್ಷದ ಹೆಮ್ಮೆಯನ್ನು ಐದು ಜನರ ಎದುರು ಹಾಗೆ ಕಳಚಿಡುವುದು ಸುಲಭವಿರಲಿಲ್ಲ. ನಫೀಸಾ ತನ್ನ ಗೆರೆಗಳನ್ನು ತೋರಿಸಿದಳು. ಐತಪ್ಪಣ್ಣ ಕನ್ನಡಕ ಏರಿಸಿ ಇಳಿಸಿ ನೋಡಿದರು. ಒಳ್ಳೆಯ ಮನುಷ್ಯ, ಆದರೆ ನಿಯಮ ಎಂದರೆ ನಿಯಮ.

“ಯಾರು ಕಾಯ್ತಾರೆ ಅಂತ ನಿಯಮದಲ್ಲಿ ಇಲ್ಲ ವಾರಿಜಕ್ಕ. ನೀರು ಸಮ ಉಂಟಾ ಇಲ್ವಾ, ಅಷ್ಟೇ ಇರುದು,” ಎಂದರು.

ಸರಿ, ನಾನು ದೂರ ಹೋಗುತ್ತೇನೆ, ನಫೀಸಾ ಓದಲಿ ಎಂದೆ. ಕೋಲಿನ ಕೆಲಸವನ್ನು ಮೊದಲ ಸಲ ಇನ್ನೊಬ್ಬರಿಗೆ ಕೊಟ್ಟು ರಸ್ತೆಯವರೆಗೆ ನಡೆದೆ. ಒಂದೇ ಬೆರಳು ಇಳಿದಿದೆ ಎಂದು ಅವಳು ಕೂಗಿ ಹೇಳಿದಳು. ಇನ್ನೂ ಹಿಂದೆ ಹೋಗಿ ಮೀನು ಮಾರ್ಕೆಟಿನ ಗೋಡೆಯ ಹತ್ತಿರ ನಿಂತೆ. ಇಳಿಯಲಿಲ್ಲ. ಹೇಗೆ ಇಳಿಯಬೇಕು? ಕಾಲು ಇಲ್ಲಿದ್ದರೂ ಕಣ್ಣು ಆ ಮೇಲಿನ ಮೆಟ್ಟಿಲಿನ ನೀಲಿ ಚಪ್ಪಲಿಯ ಮೇಲೇ ಇತ್ತು. ಇವತ್ತು ಅದನ್ನು ತೊಳೆದಿಲ್ಲ ಎಂದೇ ಯೋಚಿಸುತ್ತಿದ್ದೆ. ಆಚೆ ಸಂಜೀವ ತಲೆ ತಗ್ಗಿಸಿ ಟೊಪ್ಪಿ ಹಿಂಡುತ್ತಿದ್ದ.

ವಾಪಸು ಬಂದೆ. ಚಪ್ಪಲಿಯ ಎದುರು ನಿಂತೆ. ಅದನ್ನು ಎತ್ತಿದರೆ, ದಾಮು ಬಂದಾಗ ಎಲ್ಲಿ ನೋಡುತ್ತಾನೆ? ಅವನು ಬರುವುದಾದರೆ ತನ್ನ ಮನೆಗೆ ಬರುತ್ತಾನೆ, ನನ್ನ ಮನೆಗೆ ಯಾಕೆ ಬರುತ್ತಾನೆ? ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಂದಲೇ ಬಂದಿರಬೇಕು. ಪ್ರಮೀಳ ಬಗ್ಗಿ ಚಪ್ಪಲಿಯನ್ನು ಎತ್ತಿ, ಉಪ್ಪನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

“ನಿಮ್ಮ ಮನೆ ಅವರಿಗೆ ಗೊತ್ತುಂಟಲ್ಲ ಅಕ್ಕ. ಅಲ್ಲೇ ಬೆಳೆದದ್ದಲ್ವಾ,” ಎಂದಳು.

ಹೌದಲ್ಲ. ಆ ಮನೆಯ ಅಂಗಳದಲ್ಲೇ ಅವನು ಬೀಳುತ್ತಾ ಏಳುತ್ತಾ ನಡೆಯಲು ಕಲಿತದ್ದು. ಬಾವಿಕಟ್ಟೆಯ ಮೇಲೆ ಕೂರಿಸಿ ಅವನ ತಲೆಗೆ ನೀರು ಹೊಯ್ದವಳು ನಾನೇ. ಕಣ್ಣು ಮುಚ್ಚಿ ಬಿಟ್ಟರೂ ದಾರಿ ತಪ್ಪುವವನಲ್ಲ. ಅಷ್ಟು ಸಣ್ಣ ವಿಷಯ ನನಗೆ ಯಾಕೆ ಹೊಳೆದಿರಲಿಲ್ಲವೋ. ಚಪ್ಪಲಿಯನ್ನು ಎದೆಗೆ ಹಿಡಿದುಕೊಂಡು ಕಮಿಟಿಯವರ ನಡುವಿನಿಂದ ಹೊರಟೆ. ಯಾರೂ ತಡೆಯಲಿಲ್ಲ. ಗುಡ್ಡದ ಓಣಿ ಹತ್ತಿ ಮನೆ ಮುಟ್ಟುವವರೆಗೆ ಹಿಂದೆ ತಿರುಗಿ ನೋಡಲಿಲ್ಲ.

ಮನೆಗೆ ಬಂದು ಮೊದಲು ಚಪ್ಪಲಿ ತೊಳೆಯೋಣ ಎಂದು ಬಾವಿಗೆ ಕೊಡಪಾನ ಇಳಿಸಿದೆ. ನಮ್ಮ ಬಾವಿಯ ಹಗ್ಗದಲ್ಲಿ ಒಂದು ಗಂಟು ಉಂಟು. ಅದು ಕೈಗೆ ಬಂತೆಂದರೆ ಕೆಳಗೆ ಕೊಡಪಾನ ನೀರು ಮುಟ್ಟಿತು ಎಂದು ಲೆಕ್ಕ. ಆ ವಾರವೆಲ್ಲ ಹಾಗೆಯೇ ಇತ್ತು. ಅವತ್ತು ಗಂಟು ಕೈಗೆ ಬರುವ ಮೊದಲೇ ಕೆಳಗೆ ನೀರಿನ ಸದ್ದಾಯಿತು. ನಾನು ಹಗ್ಗವನ್ನು ಅಲ್ಲೇ ಹಿಡಿದು, ಗಂಟಿನವರೆಗೆ ಬೆರಳಿಟ್ಟು ಅಳೆದೆ. ಒಂದು, ಎರಡು, ಮೂರು, ನಾಲ್ಕು. ಬಾವಿಕಟ್ಟೆಯ ಮೇಲಿಂದ ಬಗ್ಗಿ ಕೆಳಗೆ ನೋಡಿದೆ. ಬಂದೆಯಾ ಎಂದು ಯಾರನ್ನು ಕೇಳಿದೆನೋ ಗೊತ್ತಿಲ್ಲ, ನೀರನ್ನೋ, ಅವನನ್ನೋ.

ಆಮೇಲೆ ಸೊಂಟದ ಚೀಲದಿಂದ ಪುಸ್ತಕ ತೆಗೆದು, ಬಾವಿಕಟ್ಟೆಯ ಮೇಲಿಟ್ಟುಕೊಂಡು ಬರೆದೆ. ಪ್ರಮೀಳನ ಮನೆ. ನೀರು ಸಮ. ಸಹಿ ಹಾಕಿದೆ. ನಫೀಸಾ ಏದುಸಿರು ಬಿಡುತ್ತಾ ಓಣಿ ಹತ್ತಿ ಬಂದಳು, ಚಿಪ್ಪು ಪೂರ್ತಿ ಹೊರಗೆ ಬಂದಿದೆ ಎಂದು ಹೇಳುವುದಕ್ಕೆ. ಅವಳು ಬಾಯಿ ತೆರೆಯುವ ಮೊದಲೇ ಚೀಟಿಯನ್ನು ಕೈಗಿಟ್ಟೆ. ನಿಮಗೆ ಹೇಗೆ ಗೊತ್ತಾಯಿತು ಎಂದಳು. ನಾನು ಅಳತೆಯವಳು ಎಂದೆ.

ಮದುವೆ ಆ ತಿಂಗಳೇ ಆಯಿತು. ಸಂಜೀವ ಆ ದಿನವೂ ಹೆಚ್ಚು ಮಾತಾಡಲಿಲ್ಲ, ಆದರೆ ಊರಿಗೆಲ್ಲ ಐಸು ಹಾಕಿದ ಶರಬತ್ತು ಕುಡಿಸಿದ. ಈಗ ಅವರ ಮೆಟ್ಟಿಲಿನ ಪಕ್ಕ ಕೋಲಿಲ್ಲ. ನನ್ನ ಸುತ್ತು ಅದರ ಹಿಂದಿನ ಮನೆಗೇ ಮುಗಿಯುತ್ತದೆ, ಅಲ್ಲಿಂದ ನೇರ ಮನೆಗೆ ಬರುತ್ತೇನೆ. ಬಾವಿಕಟ್ಟೆಯ ಮೇಲೆ ನೀಲಿ ಚಪ್ಪಲಿ ಉಂಟು. ತೊಳೆದು ಇಡುತ್ತೇನೆ. ಪ್ರಮೀಳ ಮುಚ್ಚಿದ ಪಾತ್ರೆಯಲ್ಲಿ ಕಾಫಿ ಹಿಡಿದುಕೊಂಡು ಓಣಿ ಹತ್ತಿ ಬರುತ್ತಾಳೆ, ಬೆಲ್ಲ ಜಾಸ್ತಿ. ಅರ್ಧ ಗಂಟೆ ಕೂತು ಹೋಗುತ್ತಾಳೆ.

ನಫೀಸಾ ಊರಿಗೆ ಹೊರಡುವ ಮೊದಲು ನನ್ನ ಬಾವಿಯಲ್ಲೂ ಒಂದು ಕೊಳವೆ ಇಟ್ಟಿದ್ದಳು. ಮೊನ್ನೆ ಅದರ ಗೆರೆಗಳನ್ನು ನೋಡಲು ಬಂದಳು. ಬೆಳಿಗ್ಗೆ ಆರೂ ಮುಕ್ಕಾಲು ಗಂಟೆ, ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತಿದ್ದೆವು. ಎಲ್ಲ ಹೊತ್ತಿನಲ್ಲೂ ನಾಲ್ಕು ಬೆರಳು ಸರಿಯಾಗಿ ನಿಂತಿದೆ, ಅದು ಗೊತ್ತಾಯಿತು, ಆದರೆ ದಿನಾ ಬೆಳಿಗ್ಗೆ ಈ ಹೊತ್ತಿಗೆ ಸ್ವಲ್ಪ ಕಾಲ ಆರು ಬೆರಳು ಆಗಿ ಮತ್ತೆ ನಾಲ್ಕಕ್ಕೆ ಇಳಿಯುತ್ತದೆ, ಈ ಹೆಚ್ಚಿನ ಎರಡು ಬೆರಳನ್ನು ಯಾವ ಲೆಕ್ಕದಲ್ಲಿ ಕಳೆಯಬೇಕು ಎಂದು ಕೇಳಿದಳು.

ಅದನ್ನು ಕಳೆಯುವುದು ಬೇಡ ಎಂದೆ. ಪ್ರಮೀಳ ಇನ್ನೂ ಬಂದಿರಲಿಲ್ಲ. ನಾನು ಓಣಿಯ ಕಡೆಗೇ ನೋಡುತ್ತಿದ್ದೆ.